ಅಮೆರಿಕದ ಅಂತರ್ಯುದ್ಧದ ಸಾಮಾನ್ಯ ಕುದುರೆ ಸವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾನು ಬೆಳೆದ ಬೀದಿಯ ತಿರುವಿನಲ್ಲಿ ಟಾಂಗಾ ಹೊಡೆಯುವ ಹಿರಿಯರೊಬ್ಬರಿದ್ದರು. ಬೆಳಗ್ಗೆ ಎದ್ದವರೇ ಮೊದಲು ಕುದುರೆಗೆ ಬೇಯಿಸಿದ ಹುರುಳಿ ಹಾಕುವರು, ಮೈ ತಿಕ್ಕುವರು, ನಾಲ್ಕು ಗೊರಸುಗಳನ್ನೂ ಒಂದೊಂದಾಗಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡುವರು. ಅಷ್ಟಾದ ಮೇಲೆಯೇ ತಾವು ಚಹಾ ಮುಟ್ಟುತ್ತಿದ್ದುದು. ಬಹಳ ವರ್ಷಗಳ ನಂತರ ಅಮೆರಿಕದ ಅಂತರ್ಯುದ್ಧದ ಸವಾರರ ದಿನಚರಿಯನ್ನು ಓದುವಾಗ ಆ ಹಿರಿಯರೇ ಕಣ್ಣಮುಂದೆ ಬಂದರು. ಮೊದಲು ಕುದುರೆ, ಆಮೇಲೆ ಮನುಷ್ಯ. ಸವಾರನ ಸೈನ್ಯ ಸೇವೆಯ ತಿರುಳೆಲ್ಲ ಈ ಕ್ರಮದಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಸೇನಾಪತಿಗಳ ಕತೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಇಲ್ಲಿರುವುದು ಹೆಸರಿಲ್ಲದ ಸವಾರನ ಬಗ್ಗೆ ಸ್ನೇಹಿತರು, ವಿದ್ಯಾರ್ಥಿಗಳು, ಬಂಧುಗಳು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು.

ಯಾವ ಯುದ್ಧ? ಯಾರ ನಡುವೆ?

1861ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರುವುದರೊಂದಿಗೆ ಶುರುವಾಗಿ 1865ರ ವಸಂತದಲ್ಲಿ ಮುಗಿದ ಯುದ್ಧ ಇದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಹೊರನಡೆದ ದಕ್ಷಿಣದ 11 ರಾಜ್ಯಗಳು ಒಂದು ಕಡೆ, ಒಕ್ಕೂಟವನ್ನು ಒಡೆಯಗೊಡದ ಉತ್ತರದ ಸರ್ಕಾರ ಇನ್ನೊಂದು ಕಡೆ. ಸತ್ತ ಸೈನಿಕರು ಕಡಿಮೆಯೆಂದರೂ ಆರು ಲಕ್ಷಕ್ಕೂ ಹೆಚ್ಚು. ಇದನ್ನು ರಾಜ್ಯಗಳ ಹಕ್ಕಿನ ಜಗಳ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೇರ್ಪಟ್ಟ ರಾಜ್ಯಗಳು ತಾವೇ ಹೊರಡಿಸಿದ ಘೋಷಣೆಗಳಲ್ಲಿ ಗುಲಾಮಗಿರಿಯ ಮಾತು ಮುಚ್ಚುಮರೆಯಿಲ್ಲದೆ ಬರುತ್ತದೆ.

ಕುದುರೆ ಯಾರದು? ಸರ್ಕಾರದ್ದೋ, ಸವಾರನದ್ದೋ?

ಎರಡು ಸೇನೆಗಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ನಮ್ಮ ಹಳೆಯ ಮಾತುಗಳಲ್ಲಿ ಇದನ್ನು ಸಲೀಸಾಗಿ ಹೇಳಬಹುದು. ಮರಾಠರ ಮತ್ತು ಮೈಸೂರಿನ ದಂಡಿನಲ್ಲಿ ಸ್ವಂತ ಕುದುರೆ ತಂದು ಸೇರುವವನನ್ನು ಸಿಲ್ಲೇದಾರ ಎನ್ನುತ್ತಿದ್ದರು. ಇನ್ನೊಬ್ಬರು ಕೊಟ್ಟ ಕುದುರೆ ಏರುವವನು ಬಾರ್ಗೀರ. ಆ ಲೆಕ್ಕದಲ್ಲಿ ದಕ್ಷಿಣದ ಸವಾರ ಸಿಲ್ಲೇದಾರ, ಉತ್ತರದವನು ಬಾರ್ಗೀರ.

ದಕ್ಷಿಣದವನು ಮನೆಯ ಕುದುರೆಯನ್ನೇ ತರಬೇಕಿತ್ತು. ಸೇರುವಾಗ ಅದರ ಬೆಲೆ ಕಟ್ಟಿ ಬರೆದುಕೊಳ್ಳುತ್ತಿದ್ದರು. ದಿನಕ್ಕೆ 40 ಸೆಂಟು ಕುದುರೆಯ ಬಾಡಿಗೆ ಸಿಗುತ್ತಿತ್ತು. ಕಾಳಗದಲ್ಲಿ ಕುದುರೆ ಸತ್ತರೆ ಬರೆದುಕೊಂಡ ಬೆಲೆ ಕೈಗೆ ಬರುತ್ತಿತ್ತು. ಆದರೆ ಕಾಯಿಲೆಯಿಂದ ಸತ್ತರೆ, ನಡೆದು ನಡೆದು ಕುಸಿದರೆ, ಶತ್ರು ಹಿಡಿದುಕೊಂಡು ಹೋದರೆ ಏನೂ ಇಲ್ಲ. ಮನೆಗೆ ಹೋಗಿ ಹೊಸ ಕುದುರೆ ತರಬೇಕು, ಇಲ್ಲವೇ ಕಾಲ್ದಳಕ್ಕೆ ಸೇರಬೇಕು. ವರ್ಜೀನಿಯಾದಲ್ಲಿ ಕಾದಾಡುತ್ತಿದ್ದ ವರ್ಜೀನಿಯಾದ ಹುಡುಗನಿಗೆ ಅದು ಕೆಲವು ದಿನಗಳ ದಾರಿ. ಕೆರೊಲಿನಾದಿಂದಲೋ ಜಾರ್ಜಿಯಾದಿಂದಲೋ ಬಂದವನಿಗೆ ವಾರಗಟ್ಟಲೆಯ ಪ್ರಯಾಣ. ಹೀಗೆ ಕುದುರೆ ತರಲು ಹೋದವರಿಂದ ದಳಗಳು ಯಾವಾಗಲೂ ಬರಿದಾಗಿರುತ್ತಿದ್ದವು. ಮೊದಲ ಎರಡು ವರ್ಷ ಈ ಪದ್ಧತಿ ದಕ್ಷಿಣಕ್ಕೆ ಒಳ್ಳೆಯ ಸವಾರರನ್ನೂ ಒಳ್ಳೆಯ ಕುದುರೆಗಳನ್ನೂ ಕೊಟ್ಟಿತು. ಕೊನೆಯ ಎರಡು ವರ್ಷ ಅದೇ ಪದ್ಧತಿ ಅದರ ಅಶ್ವದಳವನ್ನು ಒಳಗಿನಿಂದಲೇ ತಿಂದುಹಾಕಿತು.

ಉತ್ತರದಲ್ಲಿ ಸರ್ಕಾರವೇ ಕುದುರೆ ಕೊಂಡು ಕೊಡುತ್ತಿತ್ತು. ತನ್ನ ದುಡ್ಡಿನದಲ್ಲ ಎಂಬ ಕಾರಣಕ್ಕೆ ಮೊದಮೊದಲು ಬಹಳ ಸವಾರರು ಅದನ್ನು ನಿರ್ದಯವಾಗಿ ದುಡಿಸಿ ಹಾಳು ಮಾಡಿದರೆಂಬುದೂ ನಿಜ.

ಸೇರಿದವರು ಯಾರು? ಎಲ್ಲರಿಗೂ ಸವಾರಿ ಬರುತ್ತಿತ್ತೇ?

ಬಹುತೇಕ ರೈತರ ಮಕ್ಕಳು, ಹದಿನೆಂಟರಿಂದ ಮೂವತ್ತರ ಒಳಗಿನವರು. ಜೊತೆಗೆ ಗುಮಾಸ್ತರು, ಬಡಗಿಗಳು, ಶಾಲಾ ಮೇಷ್ಟರು, ಐರ್ಲೆಂಡ್ ಮತ್ತು ಜರ್ಮನಿಯಿಂದ ವಲಸೆ ಬಂದವರು. ಉತ್ತರದ ರೈತನ ಮಗನಿಗೆ ಕುದುರೆ ಗೊತ್ತಿತ್ತು, ಆದರೆ ನೇಗಿಲಿಗೂ ಬಂಡಿಗೂ ಕಟ್ಟುವ ಕುದುರೆ. ಅದರ ಬೆನ್ನ ಮೇಲೆ ಕೂತು, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಕತ್ತಿ ಹಿಡಿದು, ಪಕ್ಕದವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಸಾಲಿನಲ್ಲಿ ಓಡಿಸುವುದು ಬೇರೆಯೇ ವಿದ್ಯೆ. ಹಳಬ ಅಧಿಕಾರಿಗಳು ಒಬ್ಬ ಸವಾರ ತಯಾರಾಗಲು ಎರಡು ಮೂರು ವರ್ಷ ಬೇಕು ಎನ್ನುತ್ತಿದ್ದರು. ಆ ಹೆದರಿಕೆಯಿಂದಲೂ ಖರ್ಚಿನ ಹೆದರಿಕೆಯಿಂದಲೂ 1861ರಲ್ಲಿ ವಾಷಿಂಗ್ಟನ್ ಸರ್ಕಾರ ಸ್ವಯಂಸೇವಕ ಅಶ್ವದಳಗಳನ್ನು ತೆಗೆದುಕೊಳ್ಳಲು ಹಿಂದೇಟು ಹಾಕಿತು. ಹಳಬರು ಹೇಳಿದ್ದು ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಉತ್ತರದ ಸವಾರರು ದಕ್ಷಿಣದವರಿಗೆ ಸರಿಸಮನಾಗಿ ನಿಂತದ್ದು 1863ರಲ್ಲಿ.

ಒಂದು ರೆಜಿಮೆಂಟಿನಲ್ಲಿ 12 ತುಕಡಿ, ಕಾಗದದ ಮೇಲೆ ಸಾವಿರ ಚಿಲ್ಲರೆ ಜನ. ಪ್ರತಿ ತುಕಡಿಗೆ ಇಬ್ಬರು ಲಾಳ ಬಡಿಯುವವರು, ಜೀನು ಹೊಲಿಯುವವನೊಬ್ಬ, ಇಬ್ಬರು ಕಹಳೆಯವರು. ಒಂದೆರಡು ವರ್ಷದಲ್ಲಿ ನೂರರ ತುಕಡಿ ಮೂವತ್ತು ನಲವತ್ತಕ್ಕೆ ಇಳಿದಿರುತ್ತಿತ್ತು.

ಸಂಬಳ ಎಷ್ಟು ಬರುತ್ತಿತ್ತು?

ಉತ್ತರದ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 13 ಡಾಲರ್; 1864ರಲ್ಲಿ 16 ಆಯಿತು. ಎರಡು ತಿಂಗಳಿಗೊಮ್ಮೆ ಕೊಡಬೇಕೆಂಬ ನಿಯಮವಿದ್ದರೂ ನಾಲ್ಕು, ಆರು ತಿಂಗಳು ತಡವಾಗುವುದು ಸಾಮಾನ್ಯವಾಗಿತ್ತು. ಕಳೆದುಕೊಂಡ ಸಾಮಾನಿನ ಬೆಲೆಯನ್ನು ಅದರಲ್ಲಿಯೇ ಹಿಡಿದುಕೊಳ್ಳುತ್ತಿದ್ದರು. ದಕ್ಷಿಣದ ಸವಾರನಿಗೆ 12 ಡಾಲರ್. ಆದರೆ ಅದು ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿದ್ದ ಕಾಗದದ ಹಣ. ಯುದ್ಧದ ಕೊನೆಗೆ ತಿಂಗಳ ಸಂಬಳದಲ್ಲಿ ಒಂದು ಜೊತೆ ಬೂಟು ಕೂಡ ಬರುತ್ತಿರಲಿಲ್ಲ.

ಅವನ ಒಂದು ದಿನ ಹೇಗೆ ಸಾಗುತ್ತಿತ್ತು?

ಕಹಳೆಯ ಮೇಲೆ. ಸವಾರನಿಗೆ ಗಡಿಯಾರ ಬೇಕಿರಲಿಲ್ಲ. ಏಳಲು ಒಂದು ಕಹಳೆ, ಲಾಯಕ್ಕೆ ಹೋಗಲು ಒಂದು, ನೀರು ಕುಡಿಸಲು ಒಂದು, ಜೀನು ಬಿಗಿಯಲು ಒಂದು, ಕುದುರೆ ಏರಲು ಇನ್ನೊಂದು. ಕೆಲವು ತಿಂಗಳಲ್ಲಿ ಕುದುರೆಗಳಿಗೂ ಆ ರಾಗಗಳ ಗುರುತು ಹತ್ತುತ್ತಿತ್ತು. ಮೇವಿನ ಕಹಳೆ ಕೇಳಿದರೆ ಸಾಲಿಗೆ ಸಾಲೇ ಕೆನೆಯುತ್ತಿತ್ತು. ರಾತ್ರಿ ದೀಪ ಆರಿಸಲು ಊದುವ ‘ಟ್ಯಾಪ್ಸ್’ ಎಂಬ ರಾಗ ಇಂದಿಗೂ ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ಕೇಳುತ್ತದೆ. ಅದು ಈಗಿನ ರೂಪಕ್ಕೆ ಬಂದದ್ದು ಈ ಯುದ್ಧದ ನಡುವೆ, 1862ರ ಬೇಸಿಗೆಯಲ್ಲಿ, ವರ್ಜೀನಿಯಾದ ಒಂದು ಶಿಬಿರದಲ್ಲಿ.

ಬೆಳಗಿನ ಹಾಜರಿಯಾದ ತಕ್ಷಣ, ತನ್ನ ಹೊಟ್ಟೆಗೆ ಏನೂ ಬೀಳುವ ಮೊದಲು, ಕುದುರೆಯ ಕೆಲಸ. ಎರಡು ಕಂಬಗಳ ನಡುವೆ ಬಿಗಿದ ಹಗ್ಗಕ್ಕೆ ಇಡೀ ತುಕಡಿಯ ಕುದುರೆಗಳನ್ನು ಕಟ್ಟಿರುತ್ತಿದ್ದರು. ಸವಾರ ಕಾಳಿನ ಚೀಲವನ್ನು ಅದರ ಮೂತಿಗೆ ಕಟ್ಟಿ, ಅದು ಮೆಲ್ಲುತ್ತಿರುವಾಗಲೇ ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಒಣಗಿದ ಕೆಸರು ಕೆರೆದು, ಬ್ರಷ್ಷಿನಿಂದ ಕೂದಲು ನುಣುಪಾಗುವವರೆಗೆ ಉಜ್ಜಬೇಕು. ಬೆನ್ನಿನ ಮೇಲೆ ಅಂಗೈ ಆಡಿಸಿ ಎಲ್ಲಿಯಾದರೂ ಬಿಸಿಯಾಗಿದೆಯೇ, ಊದಿದೆಯೇ ನೋಡಬೇಕು. ಜೀನಿನಡಿಯ ಕಂಬಳಿಯಲ್ಲಿ ಒಂದು ಮಡಿಕೆ ಉಳಿದರೆ, ಒಂದು ಕಡ್ಡಿಚೂರು ಸಿಕ್ಕಿಕೊಂಡರೆ, ಸಂಜೆಯ ಹೊತ್ತಿಗೆ ಅಲ್ಲಿ ಹುಣ್ಣು. ಹುಣ್ಣಾದ ಬೆನ್ನಿನ ಕುದುರೆಯ ಸವಾರ ಮರುದಿನ ನಡೆದೇ ಹೋಗಬೇಕು. ಕೊನೆಗೆ ಗೊರಸು: ಕಲ್ಲು ಕಿತ್ತು, ಲಾಳದ ಮೊಳೆ ಸಡಿಲವಾಗಿದೆಯೇ ನೋಡಿ ಇಳಿಸಬೇಕು. ಇದಿಷ್ಟೂ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಯಿರಲಿ ಹಿಮವಿರಲಿ. ಕಾಲ್ದಳದವನು ಬಿಡಾರಕ್ಕೆ ಬಂದವನೇ ಬೆಂಕಿಯ ಪಕ್ಕ ಕಾಲು ಚಾಚುತ್ತಿದ್ದಾಗ ಸವಾರನಿಗೆ ಇನ್ನೂ ಒಂದು ಗಂಟೆಯ ದುಡಿಮೆ ಬಾಕಿ ಇರುತ್ತಿತ್ತು.

ಅವನಿಗೆ ಸಿಗುತ್ತಿದ್ದುದು ಕಲ್ಲಿನಂತಹ ಗಟ್ಟಿ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ. ಕಾಫಿ ಬೀಜವನ್ನು ತಗಡಿನ ಲೋಟದಲ್ಲಿ ಹಾಕಿ ಪಿಸ್ತೂಲಿನ ಹಿಡಿಯಿಂದಲೋ ಕಲ್ಲಿನಿಂದಲೋ ಜಜ್ಜಿ ಕುದಿಸುತ್ತಿದ್ದರು. ದಕ್ಷಿಣದವರಿಗೆ ನೌಕಾ ದಿಗ್ಬಂಧನದಿಂದಾಗಿ ಕಾಫಿಯೂ ಅಪರೂಪ; ಹುರಿದ ಮೆಕ್ಕೆಜೋಳವೋ ಚಿಕೋರಿಯೋ ಆ ಜಾಗ ತುಂಬುತ್ತಿತ್ತು.

ಅವನ ಬಳಿ ಯಾವ ಆಯುಧಗಳಿದ್ದವು? ಕತ್ತಿ ಹಿರಿದು ನುಗ್ಗುವುದೇ ಅವನ ಕೆಲಸವಲ್ಲವೇ?

ಉತ್ತರದ ಸವಾರನಿಗೆ ಮೂರು ಆಯುಧ: ಸೊಂಟದಲ್ಲಿ ಬಾಗುಗತ್ತಿ, ಇನ್ನೊಂದು ಬದಿಗೆ ಆರು ಗುಂಡಿನ ರಿವಾಲ್ವರ್, ಭುಜದಿಂದ ಅಗಲವಾದ ಚರ್ಮದ ಪಟ್ಟಿಗೆ ತೂಗುಬಿಟ್ಟ ಕಾರ್ಬೈನ್ ಎಂಬ ಗಿಡ್ಡ ಬಂದೂಕು. ರಿವಾಲ್ವರ್ ಕೋಲ್ಟ್ ಅಥವಾ ರೆಮಿಂಗ್ಟನ್ ಕಂಪನಿಯದು. ಕಾರ್ಬೈನ್‌ಗಳಲ್ಲಿ ಹೆಚ್ಚು ಕಾಣುವ ಹೆಸರುಗಳು ಶಾರ್ಪ್ಸ್, ಬರ್ನ್‌ಸೈಡ್, ಯುದ್ಧದ ಉತ್ತರಾರ್ಧದಲ್ಲಿ ಸ್ಪೆನ್ಸರ್. 1840ರ ಮಾದರಿಯ ಹಳೆಯ ಕತ್ತಿ ಎಷ್ಟು ಭಾರವಾಗಿತ್ತೆಂದರೆ ಸೈನಿಕರು ಅದನ್ನು ಮಣಿಕಟ್ಟು ಮುರುಕ ಎಂದು ಕರೆಯುತ್ತಿದ್ದರು. ಪೆನ್ಸಿಲ್ವೇನಿಯಾದ 6ನೇ ಅಶ್ವದಳವಂತೂ 1863ರ ಮೇ ತಿಂಗಳವರೆಗೆ ಉದ್ದನೆಯ ಭರ್ಜಿ ಹಿಡಿದೇ ಓಡಾಡಿತು. ವರ್ಜೀನಿಯಾದ ದಟ್ಟ ಕುರುಚಲು ಕಾಡಿನಲ್ಲಿ ಅದರಿಂದ ಪ್ರಯೋಜನವಾಗದೆ ಕೊನೆಗೆ ಬಿಟ್ಟಿತು.

ಕತ್ತಿ ಹಿರಿದು ನುಗ್ಗಿದ ದಿನಗಳಿಲ್ಲವೆಂದಲ್ಲ. 1863ರ ಜೂನ್ 9ರಂದು ವರ್ಜೀನಿಯಾದ ಬ್ರಾಂಡಿ ಸ್ಟೇಷನ್ ಎಂಬಲ್ಲಿ ಎರಡೂ ಕಡೆಯ ಸುಮಾರು 20,000 ಜನ ಬೆಳಗಿನಿಂದ ಸಂಜೆಯವರೆಗೆ ಕಾದಿದರು. ಅದರಲ್ಲಿ ಬಹುಪಾಲು ಸವಾರರೇ. ಅಮೆರಿಕದ ನೆಲದಲ್ಲಿ ನಡೆದ ಅತಿ ದೊಡ್ಡ ಅಶ್ವಕಾಳಗ ಅದು. ಅಲ್ಲಿ ಕತ್ತಿಗೆ ಕತ್ತಿ ತಾಗಿದೆ. ಅಂದು ದಕ್ಷಿಣದವರು ನೆಲ ಬಿಟ್ಟುಕೊಡಲಿಲ್ಲ. ಆದರೂ ಉತ್ತರದ ಸವಾರರಿಗೆ ತಾವೂ ಕಡಿಮೆಯಲ್ಲ ಎಂಬ ಧೈರ್ಯ ಬಂದದ್ದು ಆ ದಿನವೇ. ಅಲ್ಲಿಯವರೆಗೆ ಸತ್ತ ಸವಾರನನ್ನು ಯಾರಾದರೂ ಕಂಡಿದ್ದೀರಾ ಎಂದು ಕಾಲ್ದಳದವರು ಅವರನ್ನು ಹಂಗಿಸುತ್ತಿದ್ದರು. ಬ್ರಾಂಡಿ ಸ್ಟೇಷನ್ ನಂತರ ಆ ಮಾತಿನ ಮೊನೆ ಮುರಿಯಿತು.

ಆದರೆ ಅಂಥ ದಿನಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಉಳಿದ ದಿನಗಳಲ್ಲಿ ಕಾವಲು, ಗಸ್ತು, ಪತ್ರ ಸಾಗಿಸುವುದು, ಸೇತುವೆ ಕಾಯುವುದು, ಶತ್ರು ಎಲ್ಲಿದ್ದಾನೆಂದು ನೋಡಿಬರುವುದು. ಮಳೆಯಲ್ಲಿ ತೊಯ್ದು, ಕತ್ತಲಲ್ಲಿ ಕುದುರೆಯ ಮೇಲೆ ಒಬ್ಬನೇ ಕೂತು, ಎದುರಿನ ಪೊದೆ ಅಲುಗಿದ್ದು ಗಾಳಿಗೋ ಮನುಷ್ಯನಿಂದಲೋ ಎಂದು ಕಿವಿಗೊಡುವುದು. ಸವಾರರು ಒಬ್ಬೊಬ್ಬರಾಗಿ ಸತ್ತದ್ದು ಹೆಚ್ಚಾಗಿ ಇಂಥ ಕಡೆಗಳಲ್ಲಿ.

ಕುದುರೆಯಿಂದ ಇಳಿದು ಹೋರಾಡುತ್ತಿದ್ದರಂತೆ. ಹಾಗಾದರೆ ಕುದುರೆ ಏಕೆ ಬೇಕಿತ್ತು?

ಬೇಗ ತಲುಪುವುದಕ್ಕೆ. ರೈಫಲ್ ಹಿಡಿದ ಕಾಲ್ದಳದ ಎದುರು ಕುದುರೆಯ ಮೇಲೆ ಕೂತಿರುವುದೆಂದರೆ ಗುರಿಹಲಗೆಯಾಗಿ ನಿಂತಂತೆ. ಆದ್ದರಿಂದ ಸ್ಥಳ ಮುಟ್ಟಿದ ಮೇಲೆ ಇಳಿದು, ಗೋಡೆ ಬೇಲಿಗಳ ಮರೆಯಿಂದ ಗುಂಡು ಹಾರಿಸುವುದು ರೂಢಿಯಾಯಿತು.

ಇಳಿಯುವಾಗ ಸಾಲಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದರು. ಮೊದಲ ಮೂವರು ಇಳಿದು ಮುಂದೆ ಓಡುವರು. ನಾಲ್ಕನೆಯವನು ಕುದುರೆಯ ಮೇಲೆಯೇ ಕೂತು, ಉಳಿದ ಮೂರು ಕುದುರೆಗಳನ್ನೂ ಹಿಡಿದು ಹಿಂದಿನ ತಗ್ಗಿಗೆ ಕರೆದೊಯ್ಯುವನು. ಅಂದರೆ ಗುಂಡಿನ ಸಾಲಿನಿಂದ ನಾಲ್ಕರಲ್ಲಿ ಒಂದು ಪಾಲು ಮೊದಲೇ ಕಡಿಮೆ. ಆ ನಾಲ್ಕನೆಯವನ ಬಗ್ಗೆ ನನಗೆ ವಿಶೇಷ ಮಮತೆ. ಅವನಿಗೆ ಎದುರಿನದು ಏನೂ ಕಾಣುವುದಿಲ್ಲ, ಸದ್ದು ಮಾತ್ರ. ಹತ್ತಿರದಲ್ಲೆಲ್ಲೋ ಗುಂಡು ಸಿಡಿದರೆ ಮೂರು ಕುದುರೆಗಳು ಮೂರು ದಿಕ್ಕಿಗೆ ಎಳೆಯುತ್ತವೆ. ಬಿಟ್ಟರೆ ಮೂವರು ಸಂಗಾತಿಗಳು ಹಿಂದಿರುಗುವ ದಾರಿಯೇ ಇಲ್ಲದೆ ಸಿಕ್ಕಿಬೀಳುತ್ತಾರೆ. ಒಬ್ಬರೂ ಹಿಂದಿರುಗದಿದ್ದರೆ ಮೂರು ಖಾಲಿ ಜೀನುಗಳನ್ನು ಹಿಡಿದು ಶಿಬಿರಕ್ಕೆ ಮರಳಬೇಕಾದವನೂ ಅವನೇ.

ಗೆಟ್ಟಿಸ್‌ಬರ್ಗ್‌ನಲ್ಲಿ ಸವಾರರು ಏಳು ಗುಂಡಿನ ಬಂದೂಕಿನಿಂದ ಶತ್ರುವನ್ನು ತಡೆದರೆಂದು ಕೇಳಿದ್ದೇವೆ. ನಿಜವೇ?

ಅರ್ಧ ನಿಜ. 1863ರ ಜುಲೈ 1ರ ಬೆಳಗ್ಗೆ ಉತ್ತರದ ಸೇನಾಧಿಕಾರಿ ಜಾನ್ ಬ್ಯೂಫರ್ಡ್ ಅವರ ಸವಾರರು ಪೆನ್ಸಿಲ್ವೇನಿಯಾದ ಆ ಊರಿನ ಪಶ್ಚಿಮದ ದಿಣ್ಣೆಗಳ ಮೇಲೆ ಇಳಿದು ನಿಂತು, ಕಾಲ್ದಳ ಬರುವವರೆಗೆ ಸುಮಾರು ಎರಡು ಗಂಟೆ ದೊಡ್ಡ ಸೇನೆಯೊಂದನ್ನು ತಡೆದದ್ದು ನಿಜ. ಆದರೆ ಅವರ ಕೈಯಲ್ಲಿದ್ದುದು ಒಂದೊಂದೇ ಗುಂಡಿನ ಕಾರ್ಬೈನ್. ಹಿಂಬದಿಯಿಂದ ತುಂಬುವಂಥದ್ದಾದ್ದರಿಂದ ಮಲಗಿಕೊಂಡೇ ತುಂಬಬಹುದಿತ್ತು. ಮೂತಿಯಿಂದ ತುಂಬುವ ಕಾಲ್ದಳದ ಬಂದೂಕಿಗಿಂತ ವೇಗವೂ ಹೆಚ್ಚು. ಅವರಿಗಿದ್ದ ಅನುಕೂಲ ಅಷ್ಟೇ. ಏಳು ಗುಂಡಿನ ಸ್ಪೆನ್ಸರ್ ರೈಫಲ್ ಆ ಕಾಳಗದಲ್ಲಿ ಇದ್ದುದು ಉತ್ತರದ ಕಡೆಯ ಮಿಷಿಗನ್ನಿನ 5ನೇ ದಳದಲ್ಲಿ ಮತ್ತು 6ನೇ ದಳದ ಕೆಲವರಲ್ಲಿ. ಅವರು ಹೋರಾಡಿದ್ದು ಜುಲೈ 3ರಂದು, ಊರಿನ ಪೂರ್ವಕ್ಕೆ. ಬ್ಯೂಫರ್ಡ್ ಅವರ ಸವಾರರ ಧೈರ್ಯವನ್ನು ಬಂದೂಕಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ ಎಂಬ ಕಾರಣಕ್ಕೆ ಇದನ್ನು ಇಷ್ಟು ಬಿಡಿಸಿ ಹೇಳಿದೆ.

ಶತ್ರುವಿನ ನೆಲದೊಳಗೆ ನುಗ್ಗುವ ದೂರದ ದಾಳಿಗಳು ಹೇಗಿರುತ್ತಿದ್ದವು?

ಒಂದನ್ನೇ ಹತ್ತಿರದಿಂದ ನೋಡೋಣ. ಬೆಂಜಮಿನ್ ಗ್ರಿಯರ್ಸನ್ ಉತ್ತರದ ಇಲಿನಾಯ್‌ನವರು, ಯುದ್ಧಕ್ಕೆ ಮುಂಚೆ ಸಂಗೀತದ ಮೇಷ್ಟರು. ಬಾಲ್ಯದಲ್ಲಿ ಕುದುರೆ ಮುಖಕ್ಕೆ ಒದ್ದದ್ದರಿಂದ ಅವರಿಗೆ ಕುದುರೆಯೆಂದರೆ ಆಗುತ್ತಿರಲಿಲ್ಲ. ಅವರೇ 1863ರ ಏಪ್ರಿಲ್ 17ರಂದು 1,700 ಸವಾರರೊಂದಿಗೆ ಟೆನೆಸೀಯ ಲಾ ಗ್ರೇಂಜ್‌ನಿಂದ ಹೊರಟು, ಮಿಸಿಸಿಪ್ಪಿ ರಾಜ್ಯವನ್ನು ಉದ್ದಕ್ಕೂ ಸೀಳಿಕೊಂಡು ಮೇ 2ರಂದು ಲೂಸಿಯಾನಾದ ಬ್ಯಾಟನ್ ರೂಜ್ ಮುಟ್ಟಿದರು. ಹದಿನಾರು ದಿನ, ಸುಮಾರು 600 ಮೈಲಿ. ಮಿಸಿಸಿಪ್ಪಿ ನದಿಯ ದಡದಲ್ಲಿದ್ದ ದಕ್ಷಿಣದ ಕೋಟೆಪಟ್ಟಣ ವಿಕ್ಸ್‌ಬರ್ಗ್ ಕಡೆಗೆ ಉತ್ತರದ ಸೇನಾಪತಿ ಗ್ರಾಂಟ್ ಆ ನದಿ ದಾಟುವಾಗ ಶತ್ರುವಿನ ಗಮನವನ್ನು ಬೇರೆಡೆಗೆ ಸೆಳೆಯುವುದು ಉದ್ದೇಶವಾಗಿತ್ತು.

ಸಾಮಾನ್ಯ ಸವಾರನ ಕಡೆಯಿಂದ ಈ ದಾಳಿ ಹೀಗೆ ಕಾಣುತ್ತದೆ: ಗಟ್ಟಿ ಬಿಸ್ಕತ್ತು ಐದು ದಿನಕ್ಕಾಗುವಷ್ಟು ಮಾತ್ರ, ಅದನ್ನು ಹತ್ತು ದಿನ ಸಾಗಿಸಬೇಕು. ನಾಲ್ಕನೇ ದಿನವೇ ಜ್ವರ ಬಂದವರನ್ನೂ ಕುಂಟುವ ಕುದುರೆಗಳನ್ನೂ, ಒಟ್ಟು 175 ಜನರನ್ನು ವಾಪಸು ಕಳಿಸಿದರು. ಜ್ವರಕ್ಕೆ ಕೊಡುವ ಔಷಧಿಯ ಹೆಸರಿನಿಂದ ಕ್ವಿನೈನ್ ದಳವೆಂದು ಅವರಿಗೆ ಹೆಸರಾಯಿತು. ಮಳೆಗೆ ಉಕ್ಕಿದ ಜೌಗಿನಲ್ಲಿ ಕುದುರೆಗಳು ಹೊಟ್ಟೆಯವರೆಗೆ ಹೂತುಕೊಂಡವು. ನ್ಯೂಟನ್ ಎಂಬ ರೈಲು ನಿಲ್ದಾಣದಲ್ಲಿ ಹಳಿ ಕಿತ್ತು, ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರು. ಕುಸಿದ ಕುದುರೆಯ ಬದಲಿಗೆ ದಾರಿಯ ತೋಟಗಳಿಂದ ಕುದುರೆ, ಹೇಸರಗತ್ತೆ ಎಳೆದುಕೊಂಡರು. ಕೊನೆಯ 28 ಗಂಟೆಗಳಲ್ಲಿ 76 ಮೈಲಿ. ಜನ ಜೀನಿನ ಮೇಲೆಯೇ ನಿದ್ದೆ ಹೋದರು; ಮುಂದಿನದನ್ನು ಹಿಂಬಾಲಿಸಿ ನಡೆದದ್ದು ಕುದುರೆಗಳು. ಸತ್ತವರು ಮೂವರೇ ಎಂಬುದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಹಿಂದೆ ಬಿಟ್ಟುಬಂದ ಕುದುರೆಗಳ ಲೆಕ್ಕ ಆ ಮೂರರಲ್ಲಿ ಸೇರುವುದಿಲ್ಲ.

ಒಟ್ಟು ಎಷ್ಟು ಕುದುರೆಗಳು ಸತ್ತವು?

ಕುದುರೆ, ಹೇಸರಗತ್ತೆ ಸೇರಿ ಹತ್ತು ಲಕ್ಷದಿಂದ ಹದಿನೈದು ಲಕ್ಷ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಗುಂಡಿಗಿಂತ ಹೆಚ್ಚು ಕೊಂದದ್ದು ಹಸಿವು, ದಣಿವು, ಗೊರಸಿನ ರೋಗ, ಮೂಗಿನಿಂದ ಕೀವು ಸುರಿಸುವ ಗ್ಲಾಂಡರ್ಸ್ ಎಂಬ ಅಂಟುರೋಗ.

ನಿಯಮದ ಪ್ರಕಾರ ಒಂದು ಕುದುರೆಗೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು. ನಮ್ಮ ಅಳತೆಯಲ್ಲಿ ಸುಮಾರು ಆರೂಕಾಲು ಕಿಲೋ ಹುಲ್ಲು, ಐದೂವರೆ ಕಿಲೋ ಕಾಳು. ಸಾವಿರ ಕುದುರೆಯ ರೆಜಿಮೆಂಟಿಗೆ ದಿನಕ್ಕೆ ಹೆಚ್ಚು ಕಡಿಮೆ 12 ಟನ್ ಮೇವು. ಕೆಸರು ರಸ್ತೆಯಲ್ಲಿ ಅದನ್ನು ಸಾಗಿಸುವ ಬಂಡಿಗಳನ್ನು ಎಳೆಯುವ ಪ್ರಾಣಿಗಳಿಗೂ ಮೇವು ಬೇಕು. ದಳ ಓಡುತ್ತಿದ್ದಾಗ ಬಂಡಿ ಹಿಂದೆಯೇ ಉಳಿಯುತ್ತಿತ್ತು. ಸವಾರ, ಜೀನು, ಆಯುಧ, ಕಂಬಳಿ ಎಲ್ಲ ಸೇರಿ ನೂರು ಕಿಲೋ ಹೊತ್ತ ಪ್ರಾಣಿ ಮರದ ತೊಗಟೆ ಕಡಿಯುತ್ತ ನಿಲ್ಲುತ್ತಿತ್ತು.

1863ರ ಜುಲೈನಲ್ಲಿ ವಾಷಿಂಗ್ಟನ್ನಿನಲ್ಲಿ ಅಶ್ವದಳಕ್ಕೆಂದೇ ಪ್ರತ್ಯೇಕ ಇಲಾಖೆ ತೆರೆದು, ನಗರದ ದಕ್ಷಿಣಕ್ಕೆ ನದಿಯ ದಡದ ಗೀಸ್‌ಬರೋದಲ್ಲಿ 30,000 ಕುದುರೆ ಹಿಡಿಸುವ ಲಾಯ ಕಟ್ಟಿದರು. ಸೋತ ಕುದುರೆಗೆ ಅಲ್ಲಿ ಆರೈಕೆ, ಚೇತರಿಸಿಕೊಂಡರೆ ಮತ್ತೆ ಯುದ್ಧ, ಇಲ್ಲದಿದ್ದರೆ ಹರಾಜು ಅಥವಾ ಗುಂಡು. ಅಷ್ಟಿದ್ದೂ 1864ರ ಮೊದಲ ಎಂಟು ತಿಂಗಳಲ್ಲಿ ಪೂರ್ವದಲ್ಲಿ ಕಾದಾಡುತ್ತಿದ್ದ ಉತ್ತರದ ಮುಖ್ಯ ಸೇನೆಯಾದ ಪೊಟೊಮ್ಯಾಕ್ ಸೇನೆಯ ಅಶ್ವದಳವೊಂದಕ್ಕೇ ಸುಮಾರು 40,000 ಕುದುರೆ ಬೇಕಾದವು. ಇಡೀ ದಳದ ಕುದುರೆಗಳನ್ನು ಎರಡು ಸಲ ಹೊಸದಾಗಿ ಕೊಟ್ಟಂತೆ.

ಉತ್ತರದ ಗೆಲುವಿಗೆ ಕಾರ್ಖಾನೆ, ರೈಲು, ಜನಸಂಖ್ಯೆ ಎಂದು ಕಾರಣ ಪಟ್ಟಿ ಮಾಡುವಾಗ ಈ ಲಾಯವನ್ನೂ ಸೇರಿಸಬೇಕೆಂದು ನನ್ನ ಅಭಿಪ್ರಾಯ. ದಕ್ಷಿಣದಲ್ಲಿ ಕುದುರೆ ಸತ್ತರೆ ಸವಾರನೂ ಹೋದಂತೆ; ಉತ್ತರದಲ್ಲಿ ಇನ್ನೊಂದು ಕುದುರೆ ಬರುತ್ತಿತ್ತು.

ಕಪ್ಪು ಜನರ ಅಶ್ವದಳಗಳಿದ್ದವೇ?

ಇದ್ದವು. ಕೆಂಟಕಿಯ ಗುಲಾಮಗಿರಿಯಿಂದ ನೇರವಾಗಿ ಬಂದು ಸೇರಿದವರಿಂದ ಕಟ್ಟಿದ 5ನೇ ಕಪ್ಪು ಅಶ್ವದಳವನ್ನು ಹೆಸರಿಸದೆ ಮುಂದೆ ಹೋಗಲಾರೆ. 1864ರ ಅಕ್ಟೋಬರ್‌ನಲ್ಲಿ ದಳ ಇನ್ನೂ ಪೂರ್ತಿ ರೂಪುಗೊಳ್ಳುವ ಮೊದಲೇ ಅವರನ್ನು ವರ್ಜೀನಿಯಾದ ಸಾಲ್ಟ್‌ವಿಲ್‌ಗೆ, ಉಪ್ಪಿನ ಕಾರ್ಖಾನೆಗಳ ಮೇಲಿನ ದಾಳಿಗೆ ಕರೆದೊಯ್ದರು. ಪಳಗಿಸದ ಕುದುರೆಗಳು. ಕೈಗೆ ಕೊಟ್ಟದ್ದು ಕಾಲ್ದಳದ ಉದ್ದ ಬಂದೂಕು. ಕುದುರೆಯ ಮೇಲೆ ಕೂತು ಅದನ್ನು ತುಂಬುವುದು ಆಗದ ಕೆಲಸ. ದಾರಿಯುದ್ದಕ್ಕೂ ಅವರದೇ ಕಡೆಯ ಬಿಳಿ ಸೈನಿಕರು ಟೋಪಿ ಕಿತ್ತು, ಕುದುರೆ ಕದ್ದು ಅವಮಾನ ಮಾಡಿದರು. ಅಕ್ಟೋಬರ್ 2ರಂದು ಅವರು ಗುಡ್ಡ ಹತ್ತಿ ಹೋರಾಡಿ ಶತ್ರುವಿನ ಸಾಲನ್ನು ಹಿಂದೂಡಿದರು. ಹಿಂದಿರುಗುವಾಗ ಅವಮಾನದ ಬಾಯಿಗಳು ಮುಚ್ಚಿದ್ದವು. ಆದರೆ ಗಾಯಗೊಂಡು ಕಣದಲ್ಲಿ ಉಳಿದವರನ್ನು ಮರುದಿನ ದಕ್ಷಿಣದವರು ಹುಡುಕಿ ಹುಡುಕಿ ಕೊಂದರು. ಆ ಕೊಲೆಗಾರರಲ್ಲಿ ಚಾಂಪ್ ಫರ್ಗುಸನ್ ಎಂಬವನನ್ನು ಯುದ್ಧ ಮುಗಿದ ಮೇಲೆ ವಿಚಾರಣೆ ನಡೆಸಿ, 1865ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಗಲ್ಲಿಗೇರಿಸಲಾಯಿತು.

1865ರ ಏಪ್ರಿಲ್ 3ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್ ಬಿದ್ದಾಗ ಒಳಹೊಕ್ಕ ದಳಗಳಲ್ಲಿ ಮ್ಯಾಸಚೂಸೆಟ್ಸ್‌ನ 5ನೇ ಅಶ್ವದಳವೂ ಇತ್ತು. ಅದರ ಸವಾರರು ಕಪ್ಪು ಜನ. ಆ ಬೀದಿಗಳ ಬದಿಯಲ್ಲಿ ನಿಂತು ನೋಡಿದ, ನಿನ್ನೆಯವರೆಗೆ ಗುಲಾಮರಾಗಿದ್ದ ಜನಕ್ಕೆ ಏನನಿಸಿರಬೇಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸೆರೆ ಸಿಕ್ಕರೆ ಏನಾಗುತ್ತಿತ್ತು?

ಶತ್ರುವಿನ ನೆಲದಲ್ಲಿ ದೂರ ಓಡಾಡುವವನಾದ್ದರಿಂದ ಸವಾರನಿಗೆ ಸೆರೆಯ ಭಯ ಹೆಚ್ಚು. ಜಾರ್ಜಿಯಾದಲ್ಲಿ ದಕ್ಷಿಣದವರ ಆಂಡರ್ಸನ್‌ವಿಲ್ ಸೆರೆ ಶಿಬಿರ 1864ರ ಫೆಬ್ರವರಿಯಲ್ಲಿ ತೆರೆಯಿತು. ಸುಮಾರು 45,000 ಸೆರೆಯಾಳುಗಳಲ್ಲಿ ಹತ್ತಿರಹತ್ತಿರ 13,000 ಜನ ಸತ್ತರು. ಭೇದಿ, ಸ್ಕರ್ವಿ, ಹಸಿವು.

ಟೆನೆಸೀ ದಕ್ಷಿಣದ ರಾಜ್ಯವಾದರೂ ಅದರ ಬಹಳ ಮಕ್ಕಳು ಒಕ್ಕೂಟದ ಪರ ನಿಂತರು. ಅಂಥವರ 3ನೇ ಟೆನೆಸೀ ಅಶ್ವದಳದ ಹಲವರು 1864ರ ಸೆಪ್ಟೆಂಬರ್‌ನಲ್ಲಿ ಅಲಬಾಮಾದಲ್ಲಿ ಸೆರೆಯಾಗಿ ಕಹಾಬಾ ಜೈಲು ಸೇರಿದರು. ಯುದ್ಧ ಮುಗಿದು ಬಿಡುಗಡೆಯಾಗಿ, ಮನೆಗೆ ಹೋಗಲು ಸುಲ್ತಾನಾ ಎಂಬ ಹಬೆ ಹಡಗು ಹತ್ತಿದರು. ಕೆಲವೇ ನೂರು ಜನ ಹಿಡಿಸುವ ಆ ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದರು. ಏಪ್ರಿಲ್ 27ರ ನಸುಕಿನಲ್ಲಿ ಮೆಂಫಿಸ್ ದಾಟಿದ ಮೇಲೆ ಅದರ ಬಾಯ್ಲರ್ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಮಿಸಿಸಿಪ್ಪಿ ನದಿಯಲ್ಲಿ ಸತ್ತರು.

ಈ ಯುದ್ಧಕ್ಕೂ ನಮ್ಮ ನಾಡಿಗೂ ಏನಾದರೂ ಸಂಬಂಧವಿದೆಯೇ?

ಸವಾರರ ಮೂಲಕ ಇಲ್ಲ, ಹತ್ತಿಯ ಮೂಲಕ ಇದೆ. ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಮುಂಬಯಿಯ ಸಾಹುಕಾರರೇ ದಿವಾಳಿಯೆದ್ದರು.

ಒಬ್ಬ ಸಾಮಾನ್ಯ ಸವಾರನ ಸೇವೆಯ ದಾಖಲೆ ಇಂದು ಸಿಗುತ್ತದೆಯೇ? ಅದರಲ್ಲಿ ಏನಿರುತ್ತದೆ?

ಸಿಗುತ್ತದೆ, ಆಶ್ಚರ್ಯವಾಗುವಷ್ಟು. ಎರಡು ತಿಂಗಳಿಗೊಮ್ಮೆ ತೆಗೆದ ಹಾಜರಿ ಪಟ್ಟಿಗಳಿಂದ ಒಬ್ಬೊಬ್ಬ ಸೈನಿಕನ ವಿವರವನ್ನು ನಂತರದ ಗುಮಾಸ್ತರು ಬೇರೆ ಬೇರೆ ಚೀಟಿಗಳಿಗೆ ಇಳಿಸಿದರು. ಅವು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೇರಿದ ದಿನ, ಊರು, ವಯಸ್ಸು, ಕಸುಬು, ಎತ್ತರ, ಕಣ್ಣಿನ ಬಣ್ಣ. ಆಮೇಲೆ ಹಾಜರು, ಹಾಜರು, ಗೈರು, ಆಸ್ಪತ್ರೆ, ಹಾಜರು.

ದಕ್ಷಿಣದ ಸವಾರನ ಚೀಟಿಯಲ್ಲಿ ಕುದುರೆಯ ಬೆಲೆಯೂ ಇರುತ್ತದೆ. ಒಂದು ಚೀಟಿಯಲ್ಲಿ ಹಾಜರು ಎಂದಿದ್ದವನು ಮುಂದಿನದರಲ್ಲಿ ಕುದುರೆ ತರಲು ಊರಿಗೆ ಹೋಗಿದ್ದಾನೆ. ಅದರ ಮುಂದಿನದರಲ್ಲಿ ಕಾಲ್ದಳಕ್ಕೆ ವರ್ಗವಾಗಿದ್ದಾನೆ. ನಡುವೆ ಏನಾಯಿತೆಂದು ಚೀಟಿ ಹೇಳುವುದಿಲ್ಲ. ಅವನ ಊರಿನಲ್ಲಿ ಕೊಡಲು ಕುದುರೆ ಉಳಿದಿರಲಿಲ್ಲವೆಂದು ಅರ್ಥಮಾಡಿಕೊಳ್ಳಬೇಕು. ಪಲಾಯನ ಎಂದು ಬರೆದಿದ್ದರೆ ತಟ್ಟನೆ ಹೇಡಿಯೆಂದು ತೀರ್ಮಾನಿಸಬೇಡಿ. ಆಸ್ಪತ್ರೆಯಲ್ಲಿ ಬಿದ್ದಿದ್ದವನನ್ನೂ ಸೆರೆಯಾದವನನ್ನೂ ಸುದ್ದಿ ತಿಳಿಯದೆ ಹಾಗೆ ಬರೆದ ಉದಾಹರಣೆಗಳಿವೆ.

ಚೀಟಿಗಿಂತ ಜೀವಂತವಾದದ್ದು ಪಿಂಚಣಿ ಕಡತ. ಅದರಲ್ಲಿ ಮದುವೆಯ ಸಾಕ್ಷಿ, ವೈದ್ಯರ ವರದಿ, ಹಳೆಯ ಸಂಗಾತಿಗಳ ಹೇಳಿಕೆ, ಕೆಲವೊಮ್ಮೆ ತಾಯಿ ಪುರಾವೆಯಾಗಿ ಒಪ್ಪಿಸಿದ ಮಗನ ಕಾಗದಗಳೇ ಇರುತ್ತವೆ. ಆ ಕಾಗದಗಳು ಆ ತಾಯಿಗೆ ಮರಳಿ ಸಿಗಲಿಲ್ಲ. ನಮಗೆ ಓದಲು ಸಿಕ್ಕಿವೆ.

ಯುದ್ಧ ಮುಗಿದ ಮೇಲೆ ಅವನಿಗೆ ಏನು ಸಿಕ್ಕಿತು?

ಬಾಕಿ ಸಂಬಳ, ಬಿಡುಗಡೆ ಪತ್ರ, ರೈಲಿನ ದಾರಿ. ಉತ್ತರದ ಸರ್ಕಾರ ಸೈನಿಕರಿಗೆ ಆಯುಧವನ್ನು ಬೆಲೆ ಕೊಟ್ಟು ಇಟ್ಟುಕೊಳ್ಳಲು ಬಿಟ್ಟಿತು: ಸ್ಪೆನ್ಸರ್ ಕಾರ್ಬೈನ್ 10 ಡಾಲರ್, ರಿವಾಲ್ವರ್ 8, ಕತ್ತಿ 3. ಉಳಿದ ಕುದುರೆಗಳನ್ನು ಸಾವಿರಗಟ್ಟಲೆ ಹರಾಜು ಹಾಕಿದರು. ದಕ್ಷಿಣದ ಸವಾರನ ಕುದುರೆ ಅವನದೇ ಆಗಿದ್ದರಿಂದ, ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದ ಮುಖ್ಯ ಸೇನೆ ಶರಣಾದಾಗ ಅದನ್ನು ಮನೆಗೆ ಒಯ್ಯಲು ಗ್ರಾಂಟ್ ಒಪ್ಪಿದರು. ಬಿತ್ತನೆಯ ಕಾಲ ಅದು, ಉಳಲು ಬೇಕಿತ್ತು. ಇಡೀ ಯುದ್ಧದಲ್ಲಿ ನನಗೆ ಬಹಳ ಮೆಚ್ಚುಗೆಯಾದ ನಿರ್ಧಾರಗಳಲ್ಲಿ ಇದೊಂದು.

ಮಿಷಿಗನ್ನಿನ ಸವಾರರಿಗೆ ಮಾತ್ರ ಮನೆಯ ದಾರಿ ತಪ್ಪಿತು. ಯುದ್ಧ ಗೆದ್ದ ಅವರನ್ನು ಪಶ್ಚಿಮದ ಬಯಲುಗಳಿಗೆ, ಮೂಲನಿವಾಸಿಗಳ ಮೇಲಿನ ಕಾರ್ಯಾಚರಣೆಗೆ ಅಟ್ಟಿದರು. ಅವರು ಸಿಟ್ಟಿಗೆದ್ದದ್ದು ನ್ಯಾಯವಾಗಿಯೇ ಇತ್ತು.

ಪಿಂಚಣಿಯ ಕತೆ ಮಾತ್ರ ಬಹಳ ದೂರ ಬಂತು. ದಕ್ಷಿಣದ ಕಾಲ್ದಳ ತೊರೆದು ಉತ್ತರದ ಪರ ಕುದುರೆ ಏರಿದ ಉತ್ತರ ಕೆರೊಲಿನಾದ ಸೈನಿಕನೊಬ್ಬನಿಗೆ ಎಂಬತ್ತರ ಮೇಲೆ ಮಗಳು ಹುಟ್ಟಿದಳು. ಆಕೆಗೆ ಅಪ್ಪನ ಸೇವೆಯ ಲೆಕ್ಕದಲ್ಲಿ ತಿಂಗಳಿಗೆ 73 ಡಾಲರ್ 13 ಸೆಂಟು ಬರುತ್ತಿತ್ತು. ಕೊನೆಯ ಕಂತು ನಿಂತದ್ದು ಆಕೆ ತೀರಿಕೊಂಡ 2020ರಲ್ಲಿ.

ಅಮೆರಿಕಕ್ಕೆ ಹೋದಾಗ ನೋಡಲು ಎಲ್ಲಿಗೆ ಹೋಗಬೇಕು?

ವಾಷಿಂಗ್ಟನ್ ಸುತ್ತ ನೆಲೆಸಿರುವ ನಮ್ಮವರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಗೆಟ್ಟಿಸ್‌ಬರ್ಗ್‌ಗೆ ಕರೆದೊಯ್ಯುತ್ತಾರೆ, ಒಳ್ಳೆಯದು. ಇನ್ನೊಂದು ಶನಿವಾರ ಸಿಕ್ಕರೆ ವರ್ಜೀನಿಯಾದ ಆಲ್ಡಿಯಿಂದ ಮಿಡಲ್‌ಬರ್ಗ್ ಮೂಲಕ ಅಪ್ಪರ್‌ವಿಲ್‌ವರೆಗಿನ ರಸ್ತೆಯಲ್ಲಿ ನಿಧಾನವಾಗಿ ಹೋಗಿ. 1863ರ ಜೂನ್‌ನಲ್ಲಿ ಐದು ದಿನ ಸವಾರರು ಈ ರಸ್ತೆಗಾಗಿ ಕಾದಾಡಿದರು. ಹೊಲಗಳ ನಡುವಿನ ಕಲ್ಲಿನ ಗೋಡೆಗಳು ಈಗಲೂ ಇವೆ.

ಮಿಡಲ್‌ಬರ್ಗ್‌ನಲ್ಲಿ ಒಂದು ಗ್ರಂಥಾಲಯದ ಮುಂದೆ ಕಂಚಿನ ಕುದುರೆಯೊಂದಿದೆ. ಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳ ನೆನಪಿಗೆ ನಿಲ್ಲಿಸಿದ್ದು. ಅದರ ಮೇಲೆ ಸವಾರನಿಲ್ಲ, ಮುಂಗಾಲು ಎತ್ತಿಲ್ಲ. ಮೈ ಸೊರಗಿದೆ, ಕತ್ತು ಇಳಿಬಿದ್ದಿದೆ, ಬೆನ್ನ ಮೇಲೆ ಜೀನು ಹಾಗೆಯೇ ಇದೆ. ನಾನು ಹೋದ ದಿನ ಯಾರೋ ಅದರ ಮುಂಗಾಲುಗಳ ನಡುವೆ ಒಂದು ಸೇಬು ಇಟ್ಟಿದ್ದರು.